ಜ್ಯೂರಿ ಪಟ್ಟಿಯಲ್ಲಿ ಕಾಣೆಯಾದವರ ಲೆಕ್ಕ

ಅಮೆರಿಕದ ಜಾರ್ಜಿಯಾ ರಾಜ್ಯದ ಫುಲ್ಟನ್ ಕೌಂಟಿಯಲ್ಲಿ ಒಂದು ಕಾಲಕ್ಕೆ ಜ್ಯೂರಿಯನ್ನು, ಅಂದರೆ ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡವನ್ನು, ಆರಿಸಲು ಚೀಟಿ ಎತ್ತುತ್ತಿದ್ದರು. ಬಿಳಿಯರ ಹೆಸರು ಬಿಳಿ ಚೀಟಿಯಲ್ಲಿ, ಕಪ್ಪುವರ್ಣೀಯರ ಹೆಸರು ಹಳದಿ ಚೀಟಿಯಲ್ಲಿ. ಎರಡನ್ನೂ ಹಾಕುತ್ತಿದ್ದುದು ಒಂದೇ ಪೆಟ್ಟಿಗೆಗೆ. ಅತ್ಯಾಚಾರದ ಆರೋಪ ಹೊತ್ತ ಕಪ್ಪುವರ್ಣೀಯನೊಬ್ಬನ ವಿಚಾರಣೆಗಾಗಿ ನ್ಯಾಯಾಧೀಶರು ಆ ಪೆಟ್ಟಿಗೆಗೆ ಕೈಹಾಕಿ ಸುಮಾರು 60 ಚೀಟಿ ತೆಗೆದರು. ಒಂದೂ ಹಳದಿ ಬರಲಿಲ್ಲ. ತಾವು ಯಾವ ಭೇದವನ್ನೂ ಮಾಡಿಲ್ಲವೆಂದು ನ್ಯಾಯಾಧೀಶರು ಸಾಕ್ಷ್ಯ ನುಡಿದರು. 1953ರಲ್ಲಿ ‘ಆವರಿ ವಿರುದ್ಧ ಜಾರ್ಜಿಯಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನಿಗಾಗಿದ್ದ ಶಿಕ್ಷೆಯನ್ನು ರದ್ದುಮಾಡಿತು.

ಬಣ್ಣದ ಚೀಟಿಯನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಈ ಪ್ರಕರಣದ ಅಂಕಿಗಳನ್ನು ಹಂತಹಂತವಾಗಿ ನೋಡಬೇಕು. ಕೌಂಟಿಯ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಸುಮಾರು 25%. ಜ್ಯೂರಿ ಪಟ್ಟಿಗೆ ಆಧಾರವಾದ ತೆರಿಗೆದಾರರ ಪಟ್ಟಿಯಲ್ಲಿ 14%. ಜ್ಯೂರಿ ಪಟ್ಟಿಯಲ್ಲಿ 5%. ಪೆಟ್ಟಿಗೆಯಿಂದ ಹೊರಬಂದವರಲ್ಲಿ ಸೊನ್ನೆ. ಶೇ. 5ರಷ್ಟು ಹಳದಿ ಚೀಟಿಗಳಿರುವ ಪೆಟ್ಟಿಗೆಯಿಂದ ಕಣ್ಣುಮುಚ್ಚಿ 60 ಚೀಟಿ ಎತ್ತಿದರೆ ಒಂದೂ ಹಳದಿ ಬಾರದಿರುವ ಸಂಭವ ಸುಮಾರು 22ರಲ್ಲಿ ಒಂದು. ಅಪರೂಪ ನಿಜ, ಆದರೆ ಆಗದ ಮಾತಲ್ಲ. ಜನಸಂಖ್ಯೆಯ ಪ್ರಮಾಣದಲ್ಲೇ, ಅಂದರೆ ಶೇ. 25ರಷ್ಟು ಹಳದಿ ಚೀಟಿಗಳಿದ್ದಿದ್ದರೆ? ಆಗ ಅದು ಸುಮಾರು ಮೂರು ಕೋಟಿಯಲ್ಲಿ ಒಂದು. ಅನ್ಯಾಯದ ದೊಡ್ಡ ಪಾಲು ನಡೆದದ್ದು ಚೀಟಿ ಎತ್ತುವ ಕೈಯಲ್ಲಲ್ಲ, ಅದಕ್ಕೂ ಮೊದಲು, ಪಟ್ಟಿ ತಯಾರಿಸುವ ಹಂತದಲ್ಲಿ.

ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಕ್ರಿಮಿನಲ್ ಮೊಕದ್ದಮೆಗಳಿಗೆ ಜ್ಯೂರಿ ಇಲ್ಲ. ಹಾಗಾಗಿ ಜ್ಯೂರಿ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾದಲ್ಲಿ ಕಾಣುವ ಹನ್ನೆರಡು ಜನ. ಆ ಹನ್ನೆರಡು ಜನರನ್ನಷ್ಟೇ ನೋಡಿ ಆಯ್ಕೆ ನ್ಯಾಯವಾಗಿತ್ತೇ ಎಂದು ಹೇಳಲು ಬರುವುದಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಇಲ್ಲಿ ಮಾತ್ರ ಸಾಲದು. ಜನಸಂಖ್ಯೆಯ 10% ಇರುವ ಸಮುದಾಯವೊಂದರ ಒಬ್ಬರೂ ಇಲ್ಲದ ಜ್ಯೂರಿ, ಸಂಪೂರ್ಣ ಪ್ರಾಮಾಣಿಕ ಆಯ್ಕೆಯಲ್ಲೂ ನೂರಕ್ಕೆ 28 ಬಾರಿ ಬಂದೀತು. ಅದಕ್ಕೇ ಅಮೆರಿಕದ ಕಾನೂನು ಆರೋಪಿಗೆ ‘ನಿನ್ನಂಥವರೇ ಇರುವ ಜ್ಯೂರಿ’ಯ ಭರವಸೆ ಕೊಡುವುದಿಲ್ಲ. ಜ್ಯೂರಿಯನ್ನು ಆರಿಸುವ ಪಟ್ಟಿ ಸಮಾಜದ ಎಲ್ಲ ವರ್ಗಗಳನ್ನು ನ್ಯಾಯವಾಗಿ ಪ್ರತಿನಿಧಿಸಬೇಕು ಎನ್ನುತ್ತದೆ, ಅಷ್ಟೆ.

ಪಟ್ಟಿಯನ್ನು ಅಳೆಯುವ ಬಗೆಯನ್ನು ಸುಪ್ರೀಂ ಕೋರ್ಟ್ 1977ರಲ್ಲಿ ‘ಕಾಸ್ಟನೇಡಾ ವಿರುದ್ಧ ಪಾರ್ಟಿಡಾ’ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಬಿಡಿಸಿ ತೋರಿಸಿತು. ಟೆಕ್ಸಾಸ್‌ನ ಹಿಡಾಲ್ಗೊ ಕೌಂಟಿಯಲ್ಲಿ 79.1% ಜನ ಮೆಕ್ಸಿಕನ್ ಮೂಲದವರು. ಮೊಕದ್ದಮೆ ಹೂಡಬಹುದೇ ಎಂದು ತೀರ್ಮಾನಿಸುವ ಗ್ರ್ಯಾಂಡ್ ಜ್ಯೂರಿಗೆ ಹನ್ನೊಂದು ವರ್ಷಗಳಲ್ಲಿ 870 ಜನರನ್ನು ಕರೆಸಿದ್ದರು. ಸರಿಯಾದ ಪ್ರಮಾಣದಲ್ಲಿ ಅವರಲ್ಲಿ 688 ಜನ ಮೆಕ್ಸಿಕನ್ ಮೂಲದವರಿರಬೇಕಿತ್ತು, ಇದ್ದದ್ದು 339. ಕುರುಡು ಆಯ್ಕೆಯಲ್ಲಿ ಹತ್ತಿಪ್ಪತ್ತು ಹೆಚ್ಚುಕಡಿಮೆಯಾಗುವುದು ಸಹಜ. ಆ ಸಹಜ ಏರಿಳಿತದ ಅಳತೆಗೆ ಮಾನಕ ವಿಚಲನೆ ಎನ್ನುತ್ತಾರೆ. 870ನ್ನು 0.791ರಿಂದ, ಅದನ್ನು 0.209ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 12. ಎರಡು ಮೂರು ವಿಚಲನೆ ದಾಟಿದರೇ ಆಕಸ್ಮಿಕವೆನ್ನಲು ಕಷ್ಟ. ಇಲ್ಲಿ ಕೊರತೆ 349, ಅಂದರೆ 29 ವಿಚಲನೆ. ಇದು ತಾನಾಗಿ ಸಂಭವಿಸುವ ಸಾಧ್ಯತೆ, ಒಂದರ ಮುಂದೆ 140 ಸೊನ್ನೆಯಿಟ್ಟ ಸಂಖ್ಯೆಯಲ್ಲಿ ಒಂದಕ್ಕಿಂತಲೂ ಕಡಿಮೆ.

ಆ ಕೌಂಟಿಯಲ್ಲಿ ಪಟ್ಟಿ ತಯಾರಿಸಿದ್ದು ನ್ಯಾಯಾಧೀಶರು ನೇಮಿಸಿದ ಐವರು ಕಮಿಷನರ್‌ಗಳು. ಅವರಲ್ಲಿ ಮೂವರು ಮೆಕ್ಸಿಕನ್ ಮೂಲದವರೇ, ನೇಮಿಸಿದ ನ್ಯಾಯಾಧೀಶರೂ ಅದೇ ಮೂಲದವರು. ತಮ್ಮವರನ್ನು ತಾವೇ ಹೊರಗಿಡುತ್ತಾರೆಯೇ ಎಂಬ ವಾದ ಬಂತು. ಕೋರ್ಟ್ ಅದನ್ನು ಒಪ್ಪಲಿಲ್ಲ. ನನಗೆ ಈ ತೀರ್ಪಿನಲ್ಲಿ ಅತಿ ಮುಖ್ಯವೆನಿಸುವುದು ಇದೇ. ಪಟ್ಟಿ ಮಾಡಿದವರ ಕುಲ ಯಾವುದೇ ಇರಲಿ, ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಎಣಿಸಲೇಬೇಕು.

ಈಗ ಕಮಿಷನರ್‌ಗಳ ಜಾಗದಲ್ಲಿ ಕಂಪ್ಯೂಟರ್ ಇದೆ. ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಗಳಿಂದ ಅದು ಹೆಸರುಗಳನ್ನು ಹೆಕ್ಕುತ್ತದೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದವರು ಅಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನ ಜ್ಯೂರಿಗೆ ಬರುತ್ತಲೇ ಇರಲಿಲ್ಲ. 1992ರಲ್ಲಿ ಕಾರಣ ಬಯಲಾಯಿತು. ಊರಿನ ಹೆಸರಿನ ಕೊನೆಯ ‘ಡಿ’ ಅಕ್ಷರವನ್ನು ಪ್ರೋಗ್ರಾಂ ‘ಡಿಸೀಸ್ಡ್’, ಅಂದರೆ ಮೃತರು ಎಂಬ ಸಂಕೇತವಾಗಿ ಓದಿಕೊಂಡಿತ್ತು. ಇಡೀ ನಗರವೇ ಸತ್ತವರ ಲೆಕ್ಕಕ್ಕೆ ಸೇರಿತ್ತು! ಪಕ್ಕದ ನ್ಯೂ ಬ್ರಿಟನ್ ನಗರದ ಹೆಸರುಗಳೂ ಬಿಟ್ಟುಹೋಗಿದ್ದವು. ಆ ವಿಭಾಗದ ಕಪ್ಪುವರ್ಣೀಯರಲ್ಲಿ ಮತ್ತು ಹಿಸ್ಪಾನಿಕ್ ಜನರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಇದ್ದದ್ದು ಈ ಎರಡು ನಗರಗಳಲ್ಲೇ. ಮಿಷಿಗನ್‌ನ ಕೆಂಟ್ ಕೌಂಟಿಯಲ್ಲಿ 2001ರಿಂದ 2002ರವರೆಗೆ ಇನ್ನೊಂದು ಸಾಫ್ಟ್‌ವೇರ್ ದೋಷ ಅರ್ಹರಲ್ಲಿ ಸುಮಾರು ಮುಕ್ಕಾಲು ಪಾಲು ಜನರನ್ನು ಹೊರಗಿಟ್ಟಿತ್ತು. ಎರಡೂ ಕಡೆ ಯಾರದೂ ದುರುದ್ದೇಶವಿರಲಿಲ್ಲ. ಜೈಲು ಸೇರಿದವನಿಗೆ ಅದರಿಂದ ಆಗುವ ವ್ಯತ್ಯಾಸವೇನು?

ಇದೇ ಕೆಂಟ್ ಕೌಂಟಿಯ ಹಿಂದಿನ ಮೊಕದ್ದಮೆಯೊಂದು 2010ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಅಳತೆಗೋಲಿನ ಬಗ್ಗೆಯೇ ಜಗಳವಿತ್ತು. ಜ್ಯೂರಿಗೆ ಅರ್ಹರಾದವರಲ್ಲಿ ಕಪ್ಪುವರ್ಣೀಯರು 7.28%, ಪಟ್ಟಿಯಲ್ಲಿ 6%. ಕಳೆದು ನೋಡಿದರೆ ಕೊರತೆ ಬರೀ 1.28. ಭಾಗಿಸಿ ನೋಡಿದರೆ ಆ ಸಮುದಾಯ ತನ್ನ ಪಾಲಿನ ಸುಮಾರು 18% ಕಳೆದುಕೊಂಡಿದೆ. ಕಳೆಯುವ ವಿಧಾನದಲ್ಲಿ ಅಂತರ 10 ದಾಟಿದರೆ ಮಾತ್ರ ಗಂಭೀರ ಎನ್ನುವ ರೂಢಿ ಹಲವು ಕೋರ್ಟ್‌ಗಳಲ್ಲಿದೆ. ಹಾಗಾದರೆ 7.28% ಇರುವವರನ್ನು ಒಬ್ಬರನ್ನೂ ಬಿಡದೆ ಹೊರಗಿಟ್ಟರೂ ಅಂತರ 10 ಮುಟ್ಟುವುದೇ ಇಲ್ಲ! ಸಣ್ಣ ಸಮುದಾಯಗಳಿಗೆ ಈ ರೂಢಿಯಿಂದ ರಕ್ಷಣೆಯೇ ಇಲ್ಲದಂತಾಗುತ್ತದೆ, ಇದನ್ನು ಕೈಬಿಡಬೇಕು. ಭಾಗಿಸುವ ವಿಧಾನಕ್ಕೂ ಮಿತಿಯಿದೆ. ತೀರ ಚಿಕ್ಕ ಗುಂಪಿನಲ್ಲಿ ಒಬ್ಬಿಬ್ಬರು ತಪ್ಪಿದರೂ ಅದು ದೊಡ್ಡ ಸಂಖ್ಯೆಯನ್ನು ತೋರಿಸುತ್ತದೆ. ಮಾನಕ ವಿಚಲನೆಯೂ ಜೊತೆಗಿದ್ದರೆ ಆಕಸ್ಮಿಕ ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸಬಹುದು. ಯಾವುದನ್ನು ಬಳಸಬೇಕೆಂದು ಕೋರ್ಟ್ ಅಂದು ಹೇಳಲಿಲ್ಲ.

ಪಟ್ಟಿ ಸರಿಯಿದ್ದರೂ ಸಮನ್ಸ್ ತಲುಪಬೇಕಲ್ಲ. ಬಾಡಿಗೆಮನೆ ಬದಲಿಸುತ್ತಲೇ ಇರುವ ಬಡವರ ಪತ್ರಗಳು ಹಿಂದಿರುಗುತ್ತವೆ. ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್ ಇದಕ್ಕೊಂದು ಸರಳ ಉಪಾಯ ಮಾಡಿಕೊಂಡಿದೆ. ಪತ್ರ ತಲುಪದೆ ವಾಪಸಾದರೆ ಅದೇ ಪಿನ್‌ಕೋಡ್ ಪ್ರದೇಶದ ಇನ್ನೊಬ್ಬರಿಗೆ ಕಳಿಸುತ್ತದೆ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೂ ಈ ಪತ್ರ ಬರುತ್ತದೆ. ಫೆಡರಲ್ ಕೋರ್ಟ್ ಜ್ಯೂರಿ ಆಯ್ಕೆಗಾಗಿ ಕಳಿಸುವ ಪ್ರಶ್ನಾವಳಿಯಲ್ಲಿ ಜನಾಂಗ ಯಾವುದೆಂಬ ಪ್ರಶ್ನೆಯಿದೆ. ಇದೇಕೆ ಬೇಕೆಂದು ಕೆಲವರಿಗೆ ಮುಜುಗರವಾಗಬಹುದು. ಆಯ್ಕೆಗೆ ಆ ಉತ್ತರವನ್ನು ಪರಿಗಣಿಸುವುದಿಲ್ಲ, ಪಟ್ಟಿಯಲ್ಲಿ ಭೇದಭಾವ ನುಸುಳಿದೆಯೇ ಎಂದು ಪರೀಕ್ಷಿಸಲು ಮಾತ್ರ ಅದನ್ನು ಕೇಳುತ್ತಾರೆ. ಹಿಡಾಲ್ಗೊದಲ್ಲಿ ಇಂಥ ಮಾಹಿತಿಯಿಲ್ಲದೆ, ಸ್ಪ್ಯಾನಿಷ್ ಅಡ್ಡಹೆಸರುಗಳನ್ನು ನೋಡಿ ಎಣಿಸಬೇಕಾಗಿತ್ತು.