ನೆರವಿನ ದುಡ್ಡಿಗೆ ಕೈ ಎತ್ತುವವರು ಯಾರು? ಕೋಲಾರದ ಉಪ್ಪಿಟ್ಟಿನಿಂದ ಭೂತಾನದ ಕರೆಂಟಿನವರೆಗೆ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅರವತ್ತು ದಾಟಿದವರ ಹತ್ತಿರ ಶಾಲೆಯ ಮಾತು ತೆಗೆದರೆ ಉಪ್ಪಿಟ್ಟಿನ ಮಾತು ಬಂದೇ ಬರುತ್ತದೆ. ಅಮೆರಿಕದ ನೆರವಿನ ಸಂಸ್ಥೆ ಕೇರ್ ಕಳಿಸುತ್ತಿದ್ದ ಗೋಧಿ ರವೆ, ಡಬ್ಬಿಯ ಎಣ್ಣೆ, ಬಿಸಿನೀರಿಗೆ ಕಲಸಿದ ಹಾಲಿನ ಪುಡಿ. ಮೂಟೆಯ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರ. ಜೊತೆಗೆ ಇದು ಅಮೆರಿಕದ ಜನರ ಕೊಡುಗೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು.

‘ಜನರ ಕೊಡುಗೆ’ ಅಂತ ಬರೆದದ್ದು ಸುಮ್ನೆ ಅಲ್ಲ. ಆ ರವೆ ನಮ್ಮ ಶಾಲೆಯ ಒಲೆಗೆ ಬರುವ ಮೊದಲು ವಾಷಿಂಗ್ಟನ್‌ನಲ್ಲಿ ಜನಪ್ರತಿನಿಧಿಗಳು ಕೂತು, ಜಗಳವಾಡಿ, ಮತ ಹಾಕಿ ದುಡ್ಡು ಮಂಜೂರು ಮಾಡಬೇಕಿತ್ತು. ಪರದೇಶದ ನೆರವು ಅಂದರೆ ಒಬ್ಬ ಅಧ್ಯಕ್ಷನ ಅಥವಾ ಪ್ರಧಾನಿಯ ದೊಡ್ಡ ಮನಸ್ಸು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಖಜಾನೆಯ ಬೀಗದ ಕೈ ಇರುವುದು ಶಾಸನಸಭೆಯ ಹತ್ತಿರ.

ಮೊದಲ ದೊಡ್ಡ ಜಗಳ 1951ರದ್ದು. ಹಿಂದಿನ ವರ್ಷ ಮಳೆ ಕೈಕೊಟ್ಟು ದೇಶದಲ್ಲಿ ಧಾನ್ಯದ ಕೊರತೆ. ಭಾರತ 20 ಲಕ್ಷ ಟನ್ ಗೋಧಿ ಕೇಳಿತು. ಅಧ್ಯಕ್ಷ ಟ್ರೂಮನ್ ಫೆಬ್ರವರಿಯಲ್ಲೇ ಅಮೆರಿಕದ ಸಂಸತ್ತಿಗೆ ಮನವಿ ಕಳಿಸಿದರು. ಅಲ್ಲಿನ ಹಲವು ಸದಸ್ಯರಿಗೆ ನೆಹರೂ ಮೇಲೆ ಸಿಟ್ಟು. ಕೊರಿಯಾ ಯುದ್ಧದಲ್ಲಿ ಭಾರತ ನಮ್ಮ ಪರ ನಿಲ್ಲಲಿಲ್ಲ, ಹಾಗಿದ್ದ ಮೇಲೆ ಗೋಧಿ ಯಾಕೆ ಕೊಡಬೇಕು ಅಂತ ವಾದ. ಕೇರಳದ ಕಡಲತೀರದ ಮೊನಜೈಟ್ ಮರಳು ಬೇಕು ಎಂಬ ಒತ್ತಡವೂ ಬಂತು, ಅದರಲ್ಲಿ ಅಣುಶಕ್ತಿಗೆ ಬೇಕಾದ ಥೋರಿಯಂ ಇತ್ತು. ಇಲ್ಲಿ ಹಸಿವು, ಅಲ್ಲಿ ಚೌಕಾಸಿ. ಮಸೂದೆಗೆ ಸಹಿ ಬಿದ್ದದ್ದು ಜೂನ್ 15ಕ್ಕೆ. ಅಷ್ಟರಲ್ಲಿ ಉಡುಗೊರೆ ಹೋಗಿ 19 ಕೋಟಿ ಡಾಲರ್ ಸಾಲ ಆಗಿತ್ತು.

ಅದರ ಮರುವರ್ಷವೇ ಕೋಲಾರ ಜಿಲ್ಲೆಯವರಾದ ಎಂ.ವಿ. ಕೃಷ್ಣಪ್ಪ ನೆಹರೂ ಸರ್ಕಾರದಲ್ಲಿ ಆಹಾರ ಮತ್ತು ಕೃಷಿ ಖಾತೆಯ ಉಪಮಂತ್ರಿಯಾದರು. ಸೀಮೆಹಸು ತಂದವರು ಎಂದು ನಮ್ಮ ಕಡೆಯ ಹಾಲು ಉತ್ಪಾದಕರು ಅವರನ್ನು ಇವತ್ತಿಗೂ ನೆನೆಯುತ್ತಾರೆ. ಕೇಳಿ ತಂದ ಗೋಧಿಯ ಕಾಲವನ್ನು ಹತ್ತಿರದಿಂದ ನೋಡಿದವರು ಅವರು.

1954ರಲ್ಲಿ ಅಮೆರಿಕದಲ್ಲಿ ಪಿಎಲ್-480 ಕಾಯ್ದೆ ಬಂತು. ಅಲ್ಲಿನ ರೈತರು ಬೆಳೆದು ಮಿಕ್ಕ ಧಾನ್ಯವನ್ನು ಬಡದೇಶಗಳಿಗೆ ಸಾಗಿಸುವ ಏರ್ಪಾಡು. ಅದಕ್ಕೆ ಸುಲಭವಾಗಿ ಮತ ಬಿದ್ದದ್ದಕ್ಕೆ ದೊಡ್ಡ ಕಾರಣ ಅಲ್ಲಿನ ರೈತರ ಹಿತವೇ. 1956ರಲ್ಲಿ ಭಾರತ ಒಪ್ಪಂದ ಮಾಡಿಕೊಂಡಿತು. ಡಾಲರ್ ಬೇಡ, ರೂಪಾಯಿಯಲ್ಲೇ ಕೊಟ್ಟರೆ ಸಾಕು ಎಂಬುದು ನಮಗೆ ಅನುಕೂಲವಾಗಿತ್ತು. ಹೀಗೆ ಗುಡ್ಡೆಬಿದ್ದ ರೂಪಾಯಿಯಲ್ಲಿ 1,664 ಕೋಟಿಯನ್ನು ಅಮೆರಿಕ 1974ರಲ್ಲಿ ಬಿಟ್ಟುಕೊಟ್ಟಿತು.

ಆದರೆ ನೋವಿನ ವರ್ಷಗಳು 1965 ಮತ್ತು 1966. ಎರಡು ವರ್ಷ ಸತತ ಬರ. ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಒಟ್ಟಿಗೆ ಕೊಡದೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡತೊಡಗಿದರು. ಕೃಷಿ ನೀತಿ ಬದಲಿಸಿ ಎಂಬುದು ಬಾಯಿಬಿಟ್ಟು ಹೇಳಿದ ಷರತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. 1966ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಭಾರತಕ್ಕೆ ಆಹಾರ ನೆರವು ಕೊಡುವುದಕ್ಕೆ ಬೆಂಬಲದ ನಿರ್ಣಯ ಮಾಡಿತು. ಆದರೂ ಹಡಗು ಯಾವಾಗ ಹೊರಡುತ್ತದೆ ಎಂದು ಕಾಯುವ ಅವಮಾನ ನಮ್ಮದಾಗಿತ್ತು. ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಹೊಸ ಗೋಧಿ ತಳಿಗಳ ಹಿಂದೆ ಬಿದ್ದದ್ದಕ್ಕೆ ಈ ಅವಮಾನವೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

1971ರ ಅಕ್ಟೋಬರ್ 29ರಂದು ಅಮೆರಿಕದ ಮೇಲ್ಮನೆಯಾದ ಸೆನೆಟ್ 41–27 ಮತಗಳಿಂದ ಇಡೀ ವಿದೇಶಿ ನೆರವಿನ ಮಸೂದೆಯನ್ನೇ ಬೀಳಿಸಿತು. ಆಮೇಲೆ ತಾತ್ಕಾಲಿಕ ಮಂಜೂರಾತಿ ಕೊಟ್ಟು, ಮಸೂದೆಯನ್ನು ತುಂಡು ಮಾಡಿ ಪಾಸು ಮಾಡಿಕೊಂಡರು.

ನಮ್ಮ ಜಿಲ್ಲೆಗಳಿಗೆ ಬಂದದ್ದು ಬರೀ ಗೋಧಿ ಅಲ್ಲ. 1970ರಲ್ಲಿ ಶುರುವಾದ ಕ್ಷೀರಕ್ರಾಂತಿಗೆ ಬಂಡವಾಳ ಆದದ್ದು ಯುರೋಪಿನ ದೇಶಗಳಿಂದ ಬಂದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಹಳ್ಳಿ ಹಳ್ಳಿಗೆ ಹಾಲಿನ ಸಂಘಗಳು ಹುಟ್ಟತೊಡಗಿದವು. ಇವತ್ತು ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಮಕ್ಕಳ ಫೀಸು ಹಾಲಿನ ಬಟವಾಡೆಯಿಂದ ಹೋಗುತ್ತದೆ, ಅಲ್ವಾ? ಅದರ ಬೇರಿನಲ್ಲಿ ಪರದೇಶದ ದುಡ್ಡೂ ಇದೆ. 2002ರಲ್ಲಿ ಶುರುವಾದ ಜಲ ಸಂವರ್ಧನೆ ಯೋಜನೆಯೂ ಹಾಗೇ. ಕೋಲಾರ, ತುಮಕೂರು ಸೇರಿ ಹಲವು ಜಿಲ್ಲೆಗಳಲ್ಲಿ ಕೆರೆ ಹೂಳೆತ್ತಿ, ತೂಬು ರಿಪೇರಿ ಮಾಡಿ, ಬಳಕೆದಾರರ ಸಂಘ ಕಟ್ಟಿದ್ದು ವಿಶ್ವಬ್ಯಾಂಕ್ ಗುಂಪಿನ ‘ಐಡಿಎ’ ಕೊಟ್ಟ ಕಡಿಮೆ ಬಡ್ಡಿಯ ಸಾಲದಲ್ಲಿ. ಐಡಿಎ ಗಂಟಿಗೆ ಶ್ರೀಮಂತ ದೇಶಗಳು ಮೂರು ವರ್ಷಕ್ಕೊಮ್ಮೆ ಪಾಲು ಹಾಕುತ್ತವೆ. ಅಮೆರಿಕದಂತಹ ದೇಶದಲ್ಲಿ ಆ ಪಾಲಿಗೂ ಸಂಸತ್ತಿನ ಮಂಜೂರಾತಿ ಬೇಕು. ಅಲ್ಲಿ ಎಳೆದಾಟ ಆದರೆ ಇಲ್ಲಿನ ಕೆರೆಗೂ ಅದರ ಬಿಸಿ ತಟ್ಟಬಹುದಿತ್ತು.

ಈಗ ಲೆಕ್ಕ ತಿರುಗಿದೆ. ನಾವೂ ಕೊಡುವವರು. ಹಾಗೆ ನೋಡಿದರೆ ಇದು ಹೊಸದಲ್ಲ. 1961ರಲ್ಲಿ ಶುರುವಾದ ಭೂತಾನದ ಮೊದಲ ಪಂಚವಾರ್ಷಿಕ ಯೋಜನೆಯ ದುಡ್ಡು ಪೂರ್ತಿ ಭಾರತದ್ದು. ಅಲ್ಲಿನ 336 ಮೆಗಾವಾಟ್ ಚುಖಾ ಜಲವಿದ್ಯುತ್ ಯೋಜನೆಗೆ ನಾವು ಹಾಕಿದ್ದರಲ್ಲಿ ನೂರಕ್ಕೆ 60 ಪಾಲು ಅನುದಾನ, 40 ಪಾಲು ಸಾಲ. ಅಲ್ಲಿನ ಕರೆಂಟ್ ನಮಗೂ ಬರುತ್ತದೆ. 2025–26ರ ಬಜೆಟ್‌ನಲ್ಲಿ ವಿದೇಶಾಂಗ ಸಚಿವಾಲಯಕ್ಕೆ ಸುಮಾರು 20,516 ಕೋಟಿ ರೂಪಾಯಿ ಇಟ್ಟಿದ್ದರು. ಅದರಲ್ಲಿ ಭೂತಾನಕ್ಕೆ 2,150 ಕೋಟಿ, ನೇಪಾಳಕ್ಕೆ 700 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ. 50 ಲಕ್ಷ ಕೋಟಿ ದಾಟಿದ ಬಜೆಟ್‌ನಲ್ಲಿ ಇಡೀ ಸಚಿವಾಲಯದ ಪಾಲು ನೂರಕ್ಕೆ ಅರ್ಧ ರೂಪಾಯಿಯೂ ಅಲ್ಲ. ಇದು ಜಾಸ್ತಿ ಎಂದು ನಾನು ಹೇಳುವುದಿಲ್ಲ. ನೆರೆಹೊರೆ ಚೆನ್ನಾಗಿಟ್ಟುಕೊಳ್ಳಲು ಇಷ್ಟು ಬೇಕು.

ನನಗೆ ಕಸಿವಿಸಿ ಆಗುವುದು ಈ ದುಡ್ಡು ಪಾಸಾಗುವ ರೀತಿ. ಸಂವಿಧಾನದ 113ನೇ ವಿಧಿಯಂತೆ ಪ್ರತಿ ಸಚಿವಾಲಯವೂ ಲೋಕಸಭೆಯ ಮುಂದೆ ಅನುದಾನದ ಬೇಡಿಕೆ, ಅಂದರೆ ತನ್ನ ಖರ್ಚಿಗೆ ಇಷ್ಟು ದುಡ್ಡು ಬೇಕು ಎಂಬ ಪ್ರಸ್ತಾವ, ಇಡಬೇಕು. ರಾಜ್ಯಸಭೆ ಚರ್ಚೆ ಮಾಡಬಹುದು, ಮತ ಹಾಕುವಂತಿಲ್ಲ. ಲೋಕಸಭೆ ನಾಲ್ಕೈದು ಸಚಿವಾಲಯಗಳನ್ನು ಆರಿಸಿಕೊಂಡು ಚರ್ಚಿಸುತ್ತದೆ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಉಳಿದ ಬೇಡಿಕೆಗಳೆಲ್ಲ ಒಟ್ಟಿಗೆ ಮತಕ್ಕೆ. ಇದಕ್ಕೆ ಗಿಲೋಟಿನ್ ಎನ್ನುತ್ತಾರೆ. ಸಭಾಧ್ಯಕ್ಷರು ಪ್ರಸ್ತಾವ ಓದುತ್ತಾರೆ, ಪರ ಇರುವವರು ಹೌದು ಎನ್ನುತ್ತಾರೆ, ವಿರೋಧ ಇರುವವರು ಇಲ್ಲ ಎನ್ನುತ್ತಾರೆ, ಹೌದು ಎಂದವರದೇ ಬಹುಮತ ಎಂದು ಘೋಷಣೆ. ಅಷ್ಟರಲ್ಲಿ ಲಕ್ಷಾಂತರ ಕೋಟಿ ಮಂಜೂರು. 2018 ಮತ್ತು 2023ರಲ್ಲಿ ಗದ್ದಲದ ನಡುವೆ ಒಂದೇ ಒಂದು ಸಚಿವಾಲಯದ ಚರ್ಚೆಯೂ ಇಲ್ಲದೆ ಎಲ್ಲ ಬೇಡಿಕೆಗಳೂ ಪಾಸಾದವು. ಧ್ವನಿಮತ ಆದ್ದರಿಂದ ಯಾರು ಯಾವ ಕಡೆ ಎಂಬ ದಾಖಲೆ ಉಳಿಯುವುದಿಲ್ಲ.

ಅಮೆರಿಕದಲ್ಲಿ 2025ರಲ್ಲಿ ನಡೆದದ್ದು ಬೇರೆ. ಜನವರಿಯಲ್ಲಿ ಟ್ರಂಪ್ ವಿದೇಶಿ ನೆರವು ನಿಲ್ಲಿಸಿದರು. 1961ರಿಂದ ಅಮೆರಿಕದ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಕೆಲಸ ಜುಲೈ 1ಕ್ಕೆ ಮುಗಿಯಿತು. ಸಂಸತ್ತು ಮೊದಲೇ ಮಂಜೂರು ಮಾಡಿದ್ದ ಸುಮಾರು 900 ಕೋಟಿ ಡಾಲರ್ ವಾಪಸ್ ಪಡೆಯುವ ಮಸೂದೆಯಲ್ಲಿ ಬಹುಪಾಲು ನೆರವಿನ ದುಡ್ಡೇ. ಅದು ಸೆನೆಟ್‌ನಲ್ಲಿ 51–48, ಕೆಳಮನೆಯಲ್ಲಿ 216–213 ಮತಗಳಿಂದ ಪಾಸಾಯಿತು. ಆ ತೀರ್ಮಾನ ಕ್ರೂರ ಎಂದೇ ನನ್ನ ಅಭಿಪ್ರಾಯ. ಔಷಧಿ, ಆಹಾರ ನಂಬಿಕೊಂಡವರಿಗೆ ಅದು ದಿಢೀರನೆ ಬಿದ್ದ ಹೊಡೆತ. ಆದರೆ ಯಾವ ಸದಸ್ಯ ಪರ, ಯಾವ ಸದಸ್ಯ ವಿರುದ್ಧ ಎಂದು ಹೆಸರು ಸಮೇತ ಬರೆದಿಟ್ಟಿದ್ದಾರೆ. ಅಲ್ಲಿನ ಮತದಾರ ತನ್ನ ಪ್ರತಿನಿಧಿಯನ್ನು ಹಿಡಿದು ಕೇಳಬಹುದು.

ನಮ್ಮಲ್ಲಿ ದಾರಿ ಇಲ್ಲವೇ ಇಲ್ಲ ಎಂದಲ್ಲ. 1993ರಿಂದ ಸಂಸದರ ಸ್ಥಾಯಿ ಸಮಿತಿಗಳು ಪ್ರತಿ ಸಚಿವಾಲಯದ ಬೇಡಿಕೆಯನ್ನು ಬಿಡಿಸಿ ನೋಡಿ ವರದಿ ಕೊಡುತ್ತವೆ, ಯಾರು ಬೇಕಾದರೂ ಓದಬಹುದು. ಯಾವುದೇ ಲೋಕಸಭಾ ಸದಸ್ಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಿ ಎಂಬ ಸೂಚನೆ ಕೊಟ್ಟು ಒಂದು ದೂರನ್ನು ಸದನದ ಮುಂದೆ ಇಡಬಹುದು. ಸೂಚನೆ ಗೆಲ್ಲುವುದಿಲ್ಲ, ಗೆದ್ದರೆ ಸರ್ಕಾರಕ್ಕೇ ಕುತ್ತು. ಆದರೆ ಗಿಲೋಟಿನ್ ಗಂಟೆಗೆ ಮೊದಲು ಚರ್ಚೆ ನಡೆದರೆ ಮಾತಾದರೂ ದಾಖಲಾಗುತ್ತದೆ. ಮುಂದಿನ ಬಜೆಟ್ ಅಧಿವೇಶನದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಂಸದರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು: ಭೂತಾನ, ನೇಪಾಳದ ದುಡ್ಡಿನ ಬಗ್ಗೆ ಸಮಿತಿ ಏನು ಹೇಳಿದೆ, ನೀವು ಅದನ್ನು ಓದಿದ್ದೀರಾ, ಸದನದಲ್ಲಿ ಮಾತಾಡಲು ಸಮಯ ಕೇಳಿದ್ದೀರಾ?