ಕಾವಲಿನ ಹಳದಿ ಹೂವು: ಬಗ್ಗಿ ನೋಡಿದರೆ ಏನೇನಿದೆ

ಮುಂಗಾರು ಮುಗಿದು ಹುಲ್ಲು ಹಣ್ಣಾಗುವ ಹೊತ್ತಿಗೆ ಚಿತ್ರದುರ್ಗ, ಚಳ್ಳಕೆರೆ ಕಡೆಯ ಕಾವಲುಗಳಲ್ಲಿ, ಅಂದರೆ ದನ ಮೇಯುವ ಬಯಲುಗಳಲ್ಲಿ, ಹುಲ್ಲಿನ ನಡುವೆ ಒಂದು ಸಣ್ಣ ಹಳದಿ ಹೂವು ಹುಡುಕಿ. ಸಸ್ಯಶಾಸ್ತ್ರದ ಮಕ್ಕಳಿಗೆ ನಾನು ಮೊದಲು ಬಗ್ಗಿ ನೋಡಲು ಹೇಳುವುದು ಇದನ್ನೇ. ವಿಕೋವಾ ಇಂಡಿಕಾ ಇದರ ಹೆಸರು. 1763ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಇನುಲಾ ಇಂಡಿಕಾ ಎಂದು ಕರೆದಿದ್ದ. ಕೆಲವು ಪುಸ್ತಕಗಳಲ್ಲಿ ಪೆಂಟನೀಮಾ ಎಂಬ ಕುಲದಡಿಯೂ ಸಿಗುತ್ತದೆ.

ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳು, ಕುಸುಬೆ ಎಲ್ಲವೂ ಇದರ ಬಳಗವೇ. ಒಂದು ಹೂವೆಂದು ಕಾಣುವುದು ಹತ್ತಾರು ಕಿರುಹೂಗಳ ಗೊಂಚಲು. ಅಂಚಿನಲ್ಲಿ ದಳದಂತೆ ಚಾಚಿದವು ಹೆಣ್ಣು. ನಡುವಿನ ಕೊಳವೆಯಂಥವುಗಳಲ್ಲಿ ಹೆಣ್ಣು ಗಂಡು ಎರಡೂ ಭಾಗ ಇವೆ. ಕೈಮಸೂರ ಹಿಡಿದು ನಡುವನ್ನೇ ನೋಡಿ. ಪರಾಗಕೋಶಗಳು ಒಂದಕ್ಕೊಂದು ಅಂಟಿ ಸಣ್ಣ ಕೊಳವೆಯಾಗಿವೆ, ಪರಾಗ ಅದರೊಳಕ್ಕೇ ಉದುರುತ್ತದೆ. ಹೆಣ್ಣು ಭಾಗದ ಕಡ್ಡಿಯಾದ ಶಲಾಕೆ ಕೆಳಗಿನಿಂದ ಬೆಳೆಯುತ್ತಾ, ಶಾವಿಗೆ ಒರಳಿನ ಒತ್ತುಮಣೆಯಂತೆ, ಪರಾಗವನ್ನು ಮೇಲಕ್ಕೆ ತಳ್ಳುತ್ತದೆ. ಆಮೇಲಷ್ಟೇ ಅದರ ತುದಿ ಎರಡಾಗಿ ಸೀಳಿ ಬೇರೆ ಹೂವಿನ ಪರಾಗಕ್ಕೆ ಬಾಯಿ ತೆರೆಯುತ್ತದೆ. ಕಿರುಹೂಗಳು ಹೊರಗಿನಿಂದ ಒಳಕ್ಕೆ ಸುತ್ತುಸುತ್ತಾಗಿ ಅರಳುವುದರಿಂದ ಒಂದೇ ಗೊಂಚಲಲ್ಲಿ ಈ ಹಂತಗಳೆಲ್ಲ ಅಕ್ಕಪಕ್ಕ ಸಿಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ತೀರಿಲ್ಲ.

ರಸ್ತೆಬದಿಯ ಟ್ರೈಡಾಕ್ಸ್ ಜೊತೆ ಇದನ್ನು ಬೆರೆಸಬೇಡಿ. ಅದು ಅಮೆರಿಕದಿಂದ ಬಂದದ್ದು, ಕಾಂಗ್ರೆಸ್ ಗಿಡದ ಹಾಗೆ. ಟ್ರೈಡಾಕ್ಸ್ ನೆಲಕ್ಕೆ ಹರಡಿ ಉದ್ದ ತೊಟ್ಟಿನ ಮೇಲೆ ಒಂಟಿ ಹೂ ಬಿಡುತ್ತದೆ. ಅಂಚಿನ ಕಿರುಹೂ ಕೆಲವೇ, ಮಾಸಲು ಬಿಳುಪು. ವಿಕೋವಾ ನೆಟ್ಟಗೆ ನಿಲ್ಲುತ್ತದೆ, ಎಲೆಗೆ ತೊಟ್ಟಿಲ್ಲ, ಎಲೆಯ ಬುಡ ಕಾಂಡವನ್ನು ತಬ್ಬಿರುತ್ತದೆ, ಅಂಚಿನ ತೆಳು ಹಳದಿ ಎಸಳು ಬಹಳ.

ಈ ವ್ಯತ್ಯಾಸ ತಿಳಿದವರಿಗೆ ಕಾವಲು ಬಂಜರಾಗಿ ಕಾಣುವುದಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯ್ದ ನೆಲ ಇದು. ಮರವಿಲ್ಲವೆಂದು ಇಲ್ಲಿ ಗುಂಡಿ ತೋಡಿ ಸಸಿ ನೆಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು. ನೆರಳು ದಟ್ಟವಾದರೆ ಬಿಸಿಲು ಬೇಡುವ ಹುಲ್ಲು ಸೊರಗುತ್ತದೆ, ಅದರ ಜೊತೆ ಬಾಳುವ ಇಂಥ ವಾರ್ಷಿಕ ಗಿಡಗಳೂ ಸೊರಗುತ್ತವೆ. ಕುರಿಗಳಿಗೆ ಮೇವೂ ಇಲ್ಲವಾಗುತ್ತದೆ. ಹೊಂಗೆ, ಬೇವು ನೆಡಲು ಹೊಲದ ಬದು, ರಸ್ತೆಬದಿ, ಶಾಲೆಯ ಅಂಗಳ ಇವೆ. ಕಾವಲಿನಲ್ಲಿ ನೆಡುವ ಯೋಜನೆ ನಿಮ್ಮ ಪಂಚಾಯಿತಿಗೆ ಬಂದರೆ, ಒಂದು ಮಳೆಗಾಲ ಅಲ್ಲಿನ ಗಿಡಗಳ ಪಟ್ಟಿ ಮಾಡಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿ.