ಪೊಟೆನ್ಶಿಯೋಮೀಟರ್: ಬಾಣಕ್ಕಿಂತ ಮೊದಲು ತುದಿಗಳನ್ನು ನೋಡಿ

ಸರ್ಕ್ಯೂಟ್ ನಕ್ಷೆಯಲ್ಲಿ ರೆಸಿಸ್ಟರ್‌ನ ಅಂಕುಡೊಂಕು ಗೆರೆಗೋ ಆಯತಕ್ಕೋ ಬಾಣವೊಂದು ಬಂದು ತಾಗಿದ್ದರೆ ಅದು ಪೊಟೆನ್ಶಿಯೋಮೀಟರ್, ರೂಢಿಯ ಮಾತಿನಲ್ಲಿ ಪಾಟ್. ಹೊಸಬರ ಕಣ್ಣು ಮೊದಲು ಹೋಗುವುದು ಬಾಣದ ಮೇಲೆ. ಇದು ವೋಲ್ಟೇಜ್ ಇಳಿಸುವ ಸಾಧನ ಎಂದುಕೊಂಡು ಮುಂದೆ ಸಾಗುತ್ತಾರೆ. ಈ ತಪ್ಪು ಗ್ರಹಿಕೆಯಿಂದ ಸುಟ್ಟ ಪಾಟ್‌ಗಳಿಗೆ ಲೆಕ್ಕವಿಲ್ಲ. ಮೂರೂ ಕಾಲು ಬಳಸಿದಾಗ ಪಾಟ್ ಮಾಡುವ ಕೆಲಸ ಒಂದೇ: ತನ್ನ ಎರಡು ತುದಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಭಾಗ ಮಾಡುವುದು. ಆದ್ದರಿಂದ ಮೊದಲು ಕೇಳಬೇಕಾದದ್ದು, ಆ ತುದಿಗಳು ಎಲ್ಲಿಗೆ ಹೋಗಿವೆ?

ಒಂದು ತುದಿ 5 ವೋಲ್ಟ್‌ಗೆ, ಇನ್ನೊಂದು ಗ್ರೌಂಡ್‌ಗೆ ಹೋಗಿದ್ದರೆ ನಡುವಿನ ಕಾಲು, ಅಂದರೆ ನಕ್ಷೆಯಲ್ಲಿ ಬಾಣವಾಗಿ ಕಾಣುವ ವೈಪರ್, 0ಯಿಂದ 5 ವೋಲ್ಟ್‌ವರೆಗೆ ಓಡಾಡುತ್ತದೆ. ತುದಿಗಳು +12 ಮತ್ತು −12ಕ್ಕೆ ಹೋಗಿದ್ದರೆ ಅದೇ ಪಾಟ್ ನಟ್ಟನಡುವೆ 0 ವೋಲ್ಟ್ ಕೊಡುತ್ತದೆ. ಏಣಿಯನ್ನು ನೆಲದ ಮೇಲಿಟ್ಟರೆ ಒಂದು ಲೆಕ್ಕ, ಬಾವಿಯೊಳಗೆ ಇಳಿಸಿದರೆ ಇನ್ನೊಂದು ಲೆಕ್ಕ. ಮೆಟ್ಟಿಲುಗಳು ಮಾತ್ರ ಅವೇ. 10 ಕಿಲೋಓಮ್ ಪಾಟ್‌ನ ಮೇಲ್ತುದಿಗೂ 5 ವೋಲ್ಟ್‌ಗೂ ನಡುವೆ ಇನ್ನೊಂದು 10 ಕಿಲೋಓಮ್ ರೆಸಿಸ್ಟರ್ ಕೂತಿದ್ದರೆ, ಎಷ್ಟೇ ತಿರುಗಿಸಿದರೂ 2.5 ವೋಲ್ಟ್ ದಾಟುವುದಿಲ್ಲ. ಅದು ದೋಷವಲ್ಲ, ವಿನ್ಯಾಸಕಾರರು ಬೇಕೆಂದೇ ಹಾಕಿದ ಮಿತಿ.

ಸಪ್ಲೈ ಹೆಸರುಗಳಲ್ಲಿ ಗೊಂದಲ ಬೇಡ. ವಿಸಿಸಿ ಎಂದರೆ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿನ ಕಡೆಯ ಸಪ್ಲೈ, ವಿಡಿಡಿ ಎಂದರೆ ಮಾಸ್‌ಫೆಟ್‌ನಂಥ ಟ್ರಾನ್ಸಿಸ್ಟರ್‌ನ ಡ್ರೈನ್ ಕಾಲಿನ ಕಡೆಯದು. ಸಾಮಾನ್ಯವಾಗಿ ಇವೆರಡೂ ಧನ. ವಿಇಇ, ವಿಎಸ್‌ಎಸ್ ಕೆಳಗಿನ ಕಡೆಯವು, ಅವು ಗ್ರೌಂಡ್ ಆಗಿರಬಹುದು, ಋಣ ಸಪ್ಲೈ ಆಗಿರಬಹುದು. ಒಂದೇ ಹೆಸರು ಬರೆದ ಜಾಗಗಳೆಲ್ಲ, ನಡುವೆ ಗೆರೆ ಎಳೆಯದಿದ್ದರೂ, ಒಂದೇ ತಂತಿ. ಸಿಗ್ನಲ್ ಹಿಗ್ಗಿಸುವ ಐಸಿಗಳಾದ ಆಪ್‌ಆಂಪ್‌ಗಳಲ್ಲಂತೂ ಸಪ್ಲೈ ಕಾಲುಗಳನ್ನು ನಕ್ಷೆಯಲ್ಲಿ ಬಿಟ್ಟುಬಿಡುವುದೇ ರೂಢಿ. ಎಂಟು ಕಾಲಿನ 741 ಆಪ್‌ಆಂಪ್‌ನಲ್ಲಿ 7ನೆಯದು ಧನ, 4ನೆಯದು ಋಣ. ಅದರ 1 ಮತ್ತು 5ನೇ ಕಾಲುಗಳ ನಡುವೆ ಆಫ್‌ಸೆಟ್ (ಒಳಗೆ ಏನೂ ಕೊಡದಿದ್ದರೂ ಹೊರಗೆ ಕಾಣುವ ಸಣ್ಣ ವೋಲ್ಟೇಜ್) ಸರಿಪಡಿಸಲು 10 ಕಿಲೋಓಮ್ ಪ್ರೀಸೆಟ್, ಅಂದರೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಪಾಟ್, ಹಾಕುತ್ತಾರೆ. ಅದರ ವೈಪರ್ ಹೋಗಬೇಕಾದದ್ದು ಋಣ ಸಪ್ಲೈಗೆ. ಜೋಡಿ ಸಪ್ಲೈ ಇರುವಾಗ ಅದನ್ನು ಗ್ರೌಂಡ್‌ಗೆ ಕೊಟ್ಟರೆ ಐಸಿ ಕೆಡಬಹುದು.

ಇನ್ನು ನಿಜವಾದ ಸೊಗಸಿಗೆ ಬರೋಣ. 5 ವೋಲ್ಟ್‌ಗೆ ಜೋಡಿಸಿದ 10 ಕಿಲೋಓಮ್ ಪಾಟ್ ಅನ್ನು ನಡುವೆ ನಿಲ್ಲಿಸಿ ಅಳೆಯಿರಿ, 2.5 ವೋಲ್ಟ್. ಈಗ ವೈಪರ್‌ಗೂ ಗ್ರೌಂಡ್‌ಗೂ ನಡುವೆ 10 ಕಿಲೋಓಮ್ ಲೋಡ್ (ಕರೆಂಟ್ ಎಳೆಯುವ ರೆಸಿಸ್ಟರ್) ಕೊಡಿ, 2 ವೋಲ್ಟ್‌ಗೆ ಇಳಿಯುತ್ತದೆ! ಗುಂಡಿಯನ್ನು ಯಾರೂ ಮುಟ್ಟಿಲ್ಲ. ಕೆಳಗಿನ 5 ಕಿಲೋಓಮ್ ಲೋಡ್‌ನ ಜೊತೆ ಸಮಾಂತರವಾಗಿ ಸೇರಿ ಸುಮಾರು 3.33 ಆಗುತ್ತದೆ, ಮೇಲಿನ 5 ಹಾಗೇ ಉಳಿಯುತ್ತದೆ. ಲೋಡ್ 100 ಕಿಲೋಓಮ್ ಇದ್ದರೆ 2.44 ವೋಲ್ಟ್ ಉಳಿಯುತ್ತದೆ. ಲೋಡ್ ಪಾಟ್‌ಗಿಂತ ಕನಿಷ್ಠ ಹತ್ತು ಪಟ್ಟು ದೊಡ್ಡದಿರಲಿ ಎಂಬ ಸೂತ್ರ ಇಲ್ಲಿಂದಲೇ ಬಂದದ್ದು. ಜರ್ಮನ್ ಭೌತವಿಜ್ಞಾನಿ ಪೊಗೆಂಡಾರ್ಫ್ 1841ರಲ್ಲಿ ರೂಪಿಸಿದ ಅಳತೆಯ ವಿಧಾನದ ಜಾಣ್ಮೆಯೂ ಇದೇ. ಅಳೆಯಬೇಕಾದ ಬ್ಯಾಟರಿ ಕೋಶದ ವೋಲ್ಟೇಜ್‌ಗೆ ಎದುರಾಗಿ ಸಮನಾದ ವೋಲ್ಟೇಜ್ ನಿಲ್ಲಿಸಿ, ಸಣ್ಣ ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್‌ನ ಮುಳ್ಳು ಸೊನ್ನೆಗೆ ಬರುವಂತೆ ಮಾಡುವುದು. ಆ ಕ್ಷಣ ಕೋಶದಿಂದ ಕರೆಂಟ್ ಹರಿಯುವುದೇ ಇಲ್ಲ, ಹಾಗಾಗಿ ಅಳತೆ ನಿಖರ. ವೈಪರ್ ಇರುವುದು ವೋಲ್ಟೇಜ್ ತಿಳಿಸಲಿಕ್ಕೆ, ಶಕ್ತಿ ಸಾಗಿಸಲಿಕ್ಕಲ್ಲ.

ಇದನ್ನು ಮರೆತು 12 ವೋಲ್ಟ್ ಸಪ್ಲೈಯಿಂದ 6 ವೋಲ್ಟ್ ಮೋಟಾರ್ ಓಡಿಸಲು 10 ಕಿಲೋಓಮ್ ಪಾಟ್ ಹಾಕುವವರಿದ್ದಾರೆ. ನಡುವೆ ನಿಲ್ಲಿಸಿದಾಗ ಅದು ಕೊಡಬಲ್ಲದ್ದು ಹೆಚ್ಚೆಂದರೆ 2.4 ಮಿಲಿಆಂಪಿಯರ್, ಮೋಟಾರ್ ಅಲುಗುವುದೇ ಇಲ್ಲ. ಇನ್ನಷ್ಟು ತಿರುಗಿಸುತ್ತಾರೆ. ಟ್ರ್ಯಾಕ್‌ನಲ್ಲಿ, ಅಂದರೆ ವೈಪರ್ ಜಾರುವ ರೋಧಪಟ್ಟಿಯಲ್ಲಿ, 50 ಓಮ್ ಮಾತ್ರ ಉಳಿದಾಗ 100 ಮಿಲಿಆಂಪಿಯರ್ ಹರಿದರೂ ಅಷ್ಟು ತುಣುಕಿನಲ್ಲೇ ಅರ್ಧ ವ್ಯಾಟ್ ಶಾಖ. ಪಾಟ್‌ನ ಕಾಲು ವ್ಯಾಟ್ ಸಾಮರ್ಥ್ಯ ಇಡೀ ಟ್ರ್ಯಾಕ್‌ಗೆ ಹೇಳಿದ್ದು. ಈ ತುಣುಕು ಅದರ ಇನ್ನೂರರಲ್ಲಿ ಒಂದು ಪಾಲು. ಸುಡದೆ ಇನ್ನೇನಾದೀತು? ವೈಪರ್ ಎಲ್ಲೇ ಇರಲಿ, ಇಂಥ ಪಾಟ್‌ನ ಮಿತಿ 5 ಮಿಲಿಆಂಪಿಯರ್.

ಬದಲಾಯಿಸಬಹುದಾದ ಸಪ್ಲೈ ಬೇಕಿದ್ದರೆ ವೋಲ್ಟೇಜ್ ಸ್ಥಿರವಾಗಿಡುವ ಐಸಿಯಾದ ಎಲ್‌ಎಂ317 ಬಳಸಿ. 240 ಓಮ್ ರೆಸಿಸ್ಟರ್ ಜೊತೆ 5 ಕಿಲೋಓಮ್ ಪಾಟ್ ಹಾಕಿದರೆ ಪಾಟ್‌ನಲ್ಲಿ ಹರಿಯುವುದು ಸುಮಾರು 5 ಮಿಲಿಆಂಪಿಯರ್ ಅಷ್ಟೇ. ಭಾರವನ್ನೆಲ್ಲ ಐಸಿ ಹೊರುತ್ತದೆ. ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ 3 ವೋಲ್ಟ್‌ನಷ್ಟು ಹೆಚ್ಚಿರಲಿ. 12ರಿಂದ 6ಕ್ಕೆ ಇಳಿಸಿ ಅರ್ಧ ಆಂಪಿಯರ್ ಎಳೆದರೆ ಐಸಿಯಲ್ಲಿ 3 ವ್ಯಾಟ್ ಶಾಖ, ಹೀಟ್‌ಸಿಂಕ್ ಬೇಕೇ ಬೇಕು.

ನಕ್ಷೆಯಲ್ಲಿ ಎರಡೇ ಕಾಲು ಬಳಸಿದ್ದರೆ ಅದು ಬರೀ ಬದಲಾಗುವ ರೆಸಿಸ್ಟರ್. ಉಳಿದ ತುದಿಯನ್ನು ವೈಪರ್‌ಗೇ ಸೇರಿಸಿಡಿ. ವೈಪರ್ ಕ್ಷಣಕಾಲ ಸಂಪರ್ಕ ತಪ್ಪಿದರೂ ಸರ್ಕ್ಯೂಟ್ ಕಡಿಯದೆ ಪೂರ್ಣ ರೋಧ ಉಳಿಯುತ್ತದೆ. 5 ವೋಲ್ಟ್‌ನಲ್ಲಿ ಎಲ್‌ಇಡಿ ಬೆಳಕು ಹೊಂದಿಸುವಾಗ ಸರಣಿಯಲ್ಲಿ 330 ಓಮ್ ಇರಲಿ. ಪಾಟ್ ಸೊನ್ನೆಗೆ ಬಂದರೂ ಕೆಂಪು ಎಲ್‌ಇಡಿಗೆ ಸುಮಾರು 9 ಮಿಲಿಆಂಪಿಯರ್ ಮಾತ್ರ ಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟ ತಪ್ಪು ಎಂದರೆ ಸಪ್ಲೈಯನ್ನು ವೈಪರ್‌ಗೂ ಗ್ರೌಂಡ್ ಅನ್ನು ತುದಿಗೂ ಕೊಡುವುದು. ಆ ತುದಿಗೆ ತಿರುಗಿಸಿದೊಡನೆ ನೇರ ಶಾರ್ಟ್. ಎರಡು ತುದಿ ಅದಲುಬದಲಾದರೆ ಇಷ್ಟು ಅಪಾಯವಿಲ್ಲ, ಗುಂಡಿ ಉಲ್ಟಾ ಕೆಲಸ ಮಾಡುತ್ತದೆ ಅಷ್ಟೇ. ಅನುಮಾನ ಬಂದರೆ ಪಾಟ್ ಅನ್ನು ಸರ್ಕ್ಯೂಟ್‌ನಿಂದ ಬಿಡಿಸಿ, ಮಲ್ಟಿಮೀಟರ್ ಅನ್ನು ಓಮ್‌ಗೆ ಇಟ್ಟು ನೋಡಿ. ತಿರುಗಿಸಿದರೂ ಬದಲಾಗದ ಜೋಡಿ ಕಾಲುಗಳೇ ತುದಿಗಳು, ಮೂರನೆಯದು ವೈಪರ್. ನಿಧಾನವಾಗಿ ತಿರುಗಿಸುವಾಗ ಓಮ್ ನಡುವೆ ಎಲ್ಲಾದರೂ ಹಾರಿದರೆ ಟ್ರ್ಯಾಕ್ ಸವೆದಿದೆ ಅಥವಾ ಕೊಳೆ ಕೂತಿದೆ.